ಈಸ್ಟ್ರೋಜನ್ ಏರಿಸೋ ಪುಡಿ ಬೇಕಾ, ಅಗಸಿ ಹಿಂಡಿ ಸಾಕಾ?

ಪ್ರಶ್ನೆ: ನನಗೆ 46 ವರ್ಷ. ಗಂಗಾವತಿ ಹತ್ತಿರದ ಹಳ್ಳಿ. ಹೋದ ವರ್ಷದಿಂದ ಮುಟ್ಟು ಏರುಪೇರಾಗಿದೆ. ಎರಡು ತಿಂಗಳು ಬರುವುದೇ ಇಲ್ಲ, ಬಂದರೆ ಹತ್ತು ದಿನ ಹೋಗುತ್ತದೆ. ಕೂತಲ್ಲೇ ಎದೆಯಿಂದ ಮುಖದವರೆಗೆ ಬಿಸಿ ಏರಿ ಬೆವರು ಸುರಿಯುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಮಂಡಿ ನೋವೂ ಇದೆ. ಈಸ್ಟ್ರೋಜನ್ ಕಡಿಮೆಯಾಗಿದೆ ಅಂತ ನನ್ನ ನೆಗೆಣ್ಣಿ ಮೊಬೈಲಿನಲ್ಲಿ ನೋಡಿ 1,800 ರೂಪಾಯಿಯ ಒಂದು ಪುಡಿ ತರಿಸಿಕೊಟ್ಟಿದ್ದಾಳೆ. ನಾಲ್ಕು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ. ಇನ್ನೊಂದು ಮಾತ್ರೆ ಬೇಡ ಅನಿಸುತ್ತದೆ. ಊಟದಿಂದಲೇ ಈಸ್ಟ್ರೋಜನ್ ಸರಿ ಮಾಡಿಕೊಳ್ಳಬಹುದಾ?

ಉತ್ತರ: ಆ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲವಾದರೆ ಹಾಗೇ ಇರಲಿ. ನಿಮ್ಮ ನೆಗೆಣ್ಣಿ ಕಾಳಜಿಯಿಂದಲೇ ತರಿಸಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಡಿಗಿಂತ ಮೊದಲು ನೋಡಬೇಕಾದ ಎರಡು ಸಂಗತಿ ನಿಮ್ಮ ಪ್ರಶ್ನೆಯಲ್ಲೇ ಇವೆ. ಒಂದು, ಹತ್ತು ದಿನ ಹೋಗುವ ಮುಟ್ಟು. ಇನ್ನೊಂದು, ಥೈರಾಯ್ಡ್ ಮಾತ್ರೆ. ಇವೆರಡಕ್ಕೂ ಆಮೇಲೆ ಬರುತ್ತೇನೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಊಟದಿಂದ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಏರಿಸಲು ಆಗುವುದಿಲ್ಲ. ಅಗಸಿಯಿಂದ ಇಲ್ಲ, ಸೋಯಾದಿಂದ ಇಲ್ಲ, ಶತಾವರಿಯಿಂದಲೂ ಇಲ್ಲ. ಆದರೆ ಇಳಿಯುತ್ತಿರುವ ಈಸ್ಟ್ರೋಜನ್ ಜೊತೆ ಮೈ ಹೊಂದಿಕೊಳ್ಳುವಂತೆ ಮಾಡಲು ಊಟ, ನಡಿಗೆ, ನಿದ್ದೆಯಿಂದ ಖಂಡಿತ ಆಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ದುಡ್ಡೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.

ಈಸ್ಟ್ರೋಜನ್ ಬಹುಪಾಲು ತಯಾರಾಗುವುದು ಅಂಡಾಶಯದಲ್ಲಿ, ಅಂಡಗಳ ಸುತ್ತ ಇರುವ ಜೀವಕೋಶಗಳಲ್ಲಿ. ಹೆಣ್ಣುಮಗು ಹುಟ್ಟುವಾಗಲೇ ಹತ್ತರಿಂದ ಇಪ್ಪತ್ತು ಲಕ್ಷ ಅಂಡ ಹೊತ್ತು ಬಂದಿರುತ್ತದೆ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ ಉಳಿದಿರುತ್ತವೆ. ಹೊಸದು ಹುಟ್ಟುವುದಿಲ್ಲ. ಇದ್ದದ್ದು ತೀರುತ್ತಾ ಬಂದಂತೆ ಈಸ್ಟ್ರೋಜನ್ ಕೂಡ ಇಳಿಯುತ್ತದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47ರ ಆಸುಪಾಸು. ಅಂದರೆ ನಿಮಗೆ ಆಗುತ್ತಿರುವುದು ಅಕಾಲದ್ದಲ್ಲ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಮಾತಿದೆ. ಈಸ್ಟ್ರೋಜನ್ ಮೆಲ್ಲಗೆ ಮೆಟ್ಟಿಲಿಳಿದ ಹಾಗೆ ಇಳಿಯುವುದಿಲ್ಲ. ಗಂಗಾವತಿ ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಲೆಕ್ಕ ಗೊತ್ತಲ್ವಾ? ನೀರು ಕಡಿಮೆಯಾದ ವರ್ಷ ಎಲ್ಲ ದಿನವೂ ಸಮನಾಗಿ ಕಡಿಮೆ ಬರುವುದಿಲ್ಲ. ಒಂದು ವಾರ ತುಂಬಿ ಹರಿಯುತ್ತದೆ, ಮುಂದಿನ ವಾರ ತಳ ಕಾಣುತ್ತದೆ. ಮುಟ್ಟು ನಿಲ್ಲುವ ಮೊದಲಿನ ಮೂರ್ನಾಲ್ಕು ವರ್ಷ ಈಸ್ಟ್ರೋಜನ್ ಕೂಡ ಹೀಗೇ. ಕೆಲವು ದಿನ ಅದು ಹರೆಯದಲ್ಲಿ ಇದ್ದದ್ದಕ್ಕಿಂತ ಜಾಸ್ತಿಯೇ ಇರುತ್ತದೆ! ಆ ತಿಂಗಳು ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನ್ ಎಂಬ ಜೊತೆಗಾತಿ ಹಾರ್ಮೋನ್ ತಯಾರಾಗುವುದಿಲ್ಲ. ಆಗ ಗರ್ಭಕೋಶದ ಒಳಪದರ ಈಸ್ಟ್ರೋಜನ್ ಒಂದರಿಂದಲೇ ದಪ್ಪವಾಗುತ್ತಾ ಹೋಗುತ್ತದೆ. ಎರಡು ತಿಂಗಳು ತಡೆದು ಆಮೇಲೆ ಹತ್ತು ದಿನ ಸುರಿಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಇಂಥ ಹೊತ್ತಿನಲ್ಲಿ ‘ಈಸ್ಟ್ರೋಜನ್ ಏರಿಸುವ’ ಪುಡಿ ನಿಜವಾಗಿಯೂ ಕೆಲಸ ಮಾಡಿದರೆ ನಿಮಗೆ ಕಷ್ಟವೇ ಆಗುತ್ತದೆ. ಕೆಲಸ ಮಾಡದಿದ್ದರೆ 1,800 ರೂಪಾಯಿ ಹೋದಂತೆ.

ಇದೇ ಕಾರಣಕ್ಕೆ ಈಸ್ಟ್ರೋಜನ್ ಎಷ್ಟಿದೆ ಅಂತ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದೂ ನಿಮ್ಮ ವಯಸ್ಸಿನಲ್ಲಿ ಅಷ್ಟು ಉಪಯೋಗವಿಲ್ಲ. ಸೋಮವಾರ ಒಂದು ಅಂಕಿ ಬಂದರೆ ಮುಂದಿನ ಸೋಮವಾರ ಇನ್ನೊಂದು. 45 ದಾಟಿದವರಲ್ಲಿ ವಯಸ್ಸು ಮತ್ತು ತೊಂದರೆ ಕೇಳಿಯೇ ವೈದ್ಯರು ಹೇಳಬಲ್ಲರು. ನಲವತ್ತಕ್ಕೂ ಮೊದಲೇ ಮುಟ್ಟು ನಿಂತವರ ವಿಷಯ ಬೇರೆ. ಅವರು ಪರೀಕ್ಷೆ ಮಾಡಿಸಲೇಬೇಕು, ಚಿಕಿತ್ಸೆ ಪಡೆಯಲೇಬೇಕು.

ಈಗ ಅಗಸಿ, ಸೋಯಾ ವಿಷಯ. ಇವುಗಳಲ್ಲಿ ಈಸ್ಟ್ರೋಜನ್ ಹೋಲುವ ಅಂಶ ಇದೆ ಎನ್ನುವುದು ಸುಳ್ಳಲ್ಲ. ಕುರಿ ಕಾಯುವ ನಮ್ಮ ಸೀಮೆಯವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ ಅಂತ ಹೇಳುತ್ತೇನೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕುರಿಗಳು ಒಮ್ಮಿಂದೊಮ್ಮೆಲೆ ಮರಿ ಹಾಕುವುದನ್ನು ನಿಲ್ಲಿಸಿದವು. ಗಬ್ಬವಾಗದ ಕುರಿಗಳ ಕೆಚ್ಚಲಲ್ಲಿ ಹಾಲು ಕಾಣಿಸಿತು. ಹುಡುಕಿದಾಗ ಕಾರಣ ಸಿಕ್ಕಿದ್ದು ಹುಲ್ಲುಗಾವಲಿನಲ್ಲಿ. ಕ್ಲೋವರ್ ಎಂಬ ಒಂದು ಬಗೆಯ ಮೇವಿನ ಗಿಡದಲ್ಲಿದ್ದ ಅಂಶ ಕುರಿಯ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಈಸ್ಟ್ರೋಜನ್ ಥರ ಕೆಲಸ ಮಾಡುವ ವಸ್ತುವಾಗಿ ಬದಲಾಗುತ್ತಿತ್ತು.

ಹಾಗಾದರೆ ನಮಗೂ ಆಗಬೇಕಲ್ಲ ಅನಿಸಬಹುದು. ಕುರಿ ತಿಂಗಳುಗಟ್ಟಲೆ ಬೆಳಗಿನಿಂದ ಸಂಜೆವರೆಗೆ ಅದನ್ನೇ ಮೇಯ್ದಿತ್ತು. ನಾವು ರೊಟ್ಟಿಗೆ ಹಚ್ಚಿಕೊಳ್ಳುವುದು ಒಂದು ಚಮಚ. ಇನ್ನೊಂದು, ನಮ್ಮ ಹೊಟ್ಟೆಯ ಸೂಕ್ಷ್ಮಜೀವಿಗಳು ಒಬ್ಬರದ್ದು ಒಂದು ಥರ. ಸೋಯಾದ ಅಂಶವನ್ನು ಅದೇ ವಸ್ತುವಾಗಿ ಬದಲಿಸುವ ಶಕ್ತಿ ಜಪಾನಿನಂಥ ದೇಶದಲ್ಲಿ ಸುಮಾರು ಅರ್ಧ ಜನಕ್ಕಿದೆ, ಪಶ್ಚಿಮ ದೇಶಗಳಲ್ಲಿ ಕಾಲು ಭಾಗದಷ್ಟು ಜನಕ್ಕೆ. ಒಂದೇ ಮನೆಯಲ್ಲಿ ಒಂದೇ ಪಲ್ಯ ಉಂಡರೂ ಅತ್ತೆಗೆ ಆಗುವುದು ಸೊಸೆಗೆ ಆಗಬೇಕೆಂದಿಲ್ಲ. ಮೇಲಾಗಿ ಈ ಸಸ್ಯದ ಅಂಶಗಳು ಅಂಡಾಶಯಕ್ಕೆ ಹೋಗಿ ‘ಇನ್ನಷ್ಟು ತಯಾರಿಸು’ ಅಂತ ಹೇಳುವುದಿಲ್ಲ. ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾವು ಸ್ವಲ್ಪ ಹೊತ್ತು, ಬಹಳ ಹಗುರಾಗಿ ಕೂತು ಏಳುತ್ತವೆ, ಅಷ್ಟೇ.

ಅಗಸಿಯನ್ನೇ ಸರಿಯಾಗಿ ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದಲ್ಲಿ 188 ಮಹಿಳೆಯರಿಗೆ ಆರು ವಾರ ದಿನಾ ಒಂದು ತಿನಿಸು ಕೊಟ್ಟರು. ಅರ್ಧ ಜನರದ್ದರಲ್ಲಿ ಅಗಸಿ ಇತ್ತು, ಇನ್ನರ್ಧ ಜನರದ್ದರಲ್ಲಿ ಇರಲಿಲ್ಲ. ಯಾರದ್ದು ಯಾವುದು ಅಂತ ತಿಂದವರಿಗೆ ಗೊತ್ತಿರಲಿಲ್ಲ. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಬಿಸಿ ಝಳ ಅರ್ಧಕ್ಕೆ ಇಳಿದಿತ್ತು. ಅಗಸಿ ತಿಂದವರಲ್ಲೂ, ತಿನ್ನದವರಲ್ಲೂ! ಓಣಿಯಲ್ಲಿ ಯಾರಾದರೂ ‘ನನಗೆ ಈ ಪುಡಿಯಿಂದ ಕಡಿಮೆಯಾಯ್ತು’ ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಝಳ ತಾನಾಗಿಯೇ ಏರಿ ಇಳಿಯುವಂಥದ್ದು. ಇಳಿಯುವ ಹೊತ್ತಿಗೆ ಕೈಯಲ್ಲಿ ಯಾವ ಡಬ್ಬಿ ಇರುತ್ತದೋ ಹೆಸರು ಅದಕ್ಕೆ ಬರುತ್ತದೆ. ಸೋಯಾಕ್ಕೆ ಝಳ ತುಸು ಕಡಿಮೆ ಮಾಡುವ ಗುಣ ಇದೆ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಅದೂ ಎಲ್ಲರಿಗೂ ಅಲ್ಲ.

ಇಷ್ಟು ಹೇಳಿದೆ ಅಂತ ಅಗಸಿ ಹಿಂಡಿ ಬಿಡಬೇಡಿ. ನಾನಂತೂ ಬಿಟ್ಟಿಲ್ಲ. ಕಾದ ಹಂಚಿನ ಮೇಲೆ ಅಗಸಿ ಹಾಕಿದರೆ ಮೊದಲು ಸುಮ್ನೆ ಇರುತ್ತದೆ. ಆಮೇಲೆ ಒಂದೊಂದಾಗಿ ಚಟಪಟ ಸಿಡಿಯಲು ಶುರುವಾಗುತ್ತದೆ. ಆ ಸದ್ದು ಜೋರಾಗುತ್ತಲೇ ಇಳಿಸಬೇಕು, ತಡವಾದರೆ ಕಹಿ. ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಚೂರು ಹುಣಸೆ, ಉಪ್ಪು ಹಾಕಿ ಕುಟ್ಟಿದರೆ ಆಯ್ತು. ಕುಟ್ಟುವುದು ರುಚಿಗೆ ಮಾತ್ರ ಅಲ್ಲ. ಇಡೀ ಅಗಸಿ ನುಂಗಿದರೆ ಅದರ ಗಟ್ಟಿ ಸಿಪ್ಪೆ ಒಡೆಯದೆ ಹಾಗೇ ಹೊರಗೆ ಹೋಗುತ್ತದೆ. ಪುಡಿಯಾದರೇ ಒಳಗಿನ ಒಳ್ಳೆಯ ಎಣ್ಣೆ ಮೈಗೆ ಹತ್ತುವುದು. ಒಂದು ಸಲಕ್ಕೆ ಹತ್ತು ದಿನಕ್ಕೆ ಆಗುವಷ್ಟು ಮಾಡಿ, ಜಾಸ್ತಿ ದಿನ ಇಟ್ಟರೆ ಎಣ್ಣೆ ಕಮಟು ಹಿಡಿಯುತ್ತದೆ. ದಿನಕ್ಕೆ ಒಂದೆರಡು ಚಮಚ ಸಾಕು, ಜೊತೆಗೆ ನೀರು ಚೆನ್ನಾಗಿ ಕುಡಿಯಬೇಕು. ಹೃದಯಕ್ಕೆ, ಮಲಬದ್ಧತೆಗೆ, ಕೊಲೆಸ್ಟ್ರಾಲಿಗೆ ಇದು ಒಳ್ಳೆಯದು. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳಿಗೆ ಹೃದಯದ ಕಾಯಿಲೆಯ ಭಯ ಏರುತ್ತದೆ. ಹಾಗಾಗಿ ಅಗಸಿಯ ಜಾಗ ನಮ್ಮ ತಾಟಿನಲ್ಲಿ ಗಟ್ಟಿಯಾಗಿಯೇ ಇದೆ. ಈಸ್ಟ್ರೋಜನ್ ಏರಿಸುತ್ತದೆ ಅಂತ ಅಲ್ಲ, ಅಷ್ಟೇ.

ಶತಾವರಿಯನ್ನು ನಮ್ಮಲ್ಲಿ ಹಲವು ಮಕ್ಕಳ ತಾಯಿ ಬೇರು ಅಂತಲೂ ಕರೆಯುತ್ತಾರೆ. ಹೆಸರೇ ಭರವಸೆ ಕೊಡುತ್ತದೆ. ಆದರೆ ಅದು ಈಸ್ಟ್ರೋಜನ್ ಏರಿಸುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ತಗೊಳ್ಳುವುದಿದ್ದರೆ ಓದಿದ ಆಯುರ್ವೇದ ವೈದ್ಯರನ್ನು ಕಂಡು ತಗೊಳ್ಳಿ, ಮೊಬೈಲ್ ನೋಡಿ ಬೇಡ.

ಊಟದ ವಿಷಯದಲ್ಲಿ ನನಗೆ ನಿಜವಾಗಿ ಕಾಳಜಿ ಇರುವುದು ಬೇರೆ ಕಡೆ. ಭತ್ತದ ಸೀಮೆಯಾದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಮನೆಗಳಲ್ಲಿ ಮೂರು ಹೊತ್ತೂ ಅನ್ನ ಬಂದುಬಿಟ್ಟಿದೆ. ಜೋಳದ ರೊಟ್ಟಿ ಹಿಂದೆ ಸರಿದಿದೆ. ರೊಟ್ಟಿ ಜೊತೆ ಬರುತ್ತಿದ್ದ ಹೆಸರುಕಾಳು, ಮಡಿಕೆಕಾಳು, ಪುಂಡಿಪಲ್ಯ, ಮೆಂತ್ಯಪಲ್ಯ, ಗುರೆಳ್ಳು ಹಿಂಡಿ ಕೂಡ ಅದರ ಜೊತೆಗೇ ಸರಿದಿವೆ. ಈಸ್ಟ್ರೋಜನ್ ಇಳಿದಂತೆ ಕೊಬ್ಬು ಸೊಂಟ, ತೊಡೆ ಬಿಟ್ಟು ಹೊಟ್ಟೆಯ ಸುತ್ತ ಕೂರುತ್ತದೆ, ಸಕ್ಕರೆ ಕಾಯಿಲೆ ಹತ್ತಿರ ಬರುತ್ತದೆ. ಎರಡು ಹೊತ್ತು ರೊಟ್ಟಿ-ಕಾಳು-ಪಲ್ಯ, ಒಂದು ಹೊತ್ತು ಅನ್ನ ಅಂತ ಮಾಡಿಕೊಂಡರೆ ಈ ವಯಸ್ಸಿಗೆ ಅದೇ ದೊಡ್ಡ ಔಷಧಿ. ಕಾಳು ದಿನಾ ಇರಲಿ. ಸ್ನಾಯು ಉಳಿಯಬೇಕಾದರೆ ಪ್ರೋಟೀನ್ ಬೇಕು.

ಕೊಬ್ಬಿನ ಬಗ್ಗೆ ಇನ್ನೊಂದು ಮಾತು. ಅಂಡಾಶಯ ಸುಮ್ಮನಾದ ಮೇಲೆ ಮೈಯ ಕೊಬ್ಬು ಸ್ವಲ್ಪ ಈಸ್ಟ್ರೋಜನ್ ತಯಾರಿಸುತ್ತದೆ. ಹಾಗಂತ ದಪ್ಪ ಇದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ. ಆ ಈಸ್ಟ್ರೋಜನ್ ಝಳ ತಡೆಯುವುದಿಲ್ಲ. ಗರ್ಭಕೋಶದ ಒಳಪದರವನ್ನು ಕೆಣಕಿ ಕ್ಯಾನ್ಸರಿನ ಅಪಾಯ ಏರಿಸುತ್ತದೆ. ಊಟ ಬಿಟ್ಟು ಬಿಟ್ಟು ಕಡ್ಡಿಯಾಗುವುದೂ ತಪ್ಪು. ಹೊಟ್ಟೆಗೆ ಸಾಲದಿದ್ದರೆ ಮೆದುಳು ಅಂಡಾಶಯಕ್ಕೆ ಸಂದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ಮನೆಯಲ್ಲಿ ಹರೆಯದ ಮಗಳಿದ್ದರೆ ಇದು ಅವಳಿಗೆ ಮುಖ್ಯ. ಬೀಡಿ-ಸಿಗರೇಟಿನ ಹೊಗೆ ಈಸ್ಟ್ರೋಜನ್ ಇಳಿಸುತ್ತದೆ, ಸೇದುವವರಿಗೆ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಎಲೆ ಜೊತೆ ತಂಬಾಕು ಹಾಕುವ ರೂಢಿ ಇದ್ದರೆ ಬಾಯಿಯ ಕ್ಯಾನ್ಸರಿನ ಭಯಕ್ಕಾದರೂ ಬಿಡಬೇಕು.

ಈಗ ಮೂಳೆ. ಇದನ್ನು ಬರೆಯುವಾಗ ನನ್ನ ಅವ್ವ ಕಣ್ಣ ಮುಂದೆ ಬರುತ್ತಾಳೆ. ಅವಳಿಗೆ 36 ವರ್ಷ ಇದ್ದಾಗ ಬಿಳಿಸೆರಗು, ಸೊಂಟನೋವು ಅಂತ ಒಂದು ಖಾಸಗಿ ಆಸ್ಪತ್ರೆಗೆ ಹೋದಳು. ‘ಮಕ್ಕಳಾಗಿವೆ, ಚೀಲ ತೆಗೆಸಿಬಿಡು’ ಅಂದರು. ತೆಗೆದರು. ಅಂಡಾಶಯಗಳನ್ನೂ ಜೊತೆಗೇ ತೆಗೆದಿದ್ದಾರೆ ಅಂತ ಯಾರೂ ಹೇಳಲಿಲ್ಲ. ಆರೇ ವಾರದಲ್ಲಿ ಝಳ ಶುರುವಾಯಿತು. ಮಾಗಿಯ ಚಳಿಯಲ್ಲೂ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. 58ಕ್ಕೆ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿಯಿತು. ಆ ಆಪರೇಷನ್ನಿನ ಹಳೆಯ ಕಾಗದ ನಾನು ಡಾಕ್ಟರಾದ ಮೇಲೆ ಓದಿದೆ. ಆಗಲೇ ನನಗೆ ಗೊತ್ತಾದದ್ದು. ಮುಟ್ಟು ತಾನಾಗಿ ನಿಲ್ಲುವ ವಯಸ್ಸಿನವರೆಗೆ ಅವಳ ಮೈಗೆ ಸಿಗಬೇಕಿದ್ದ ಈಸ್ಟ್ರೋಜನ್ ಸಿಗದೆ ಹತ್ತು ವರ್ಷ ಸುಮ್ನೆ ಹೋಗಿತ್ತು.

ಈಸ್ಟ್ರೋಜನ್ ಮೂಳೆಯ ಕಾವಲುಗಾರ. ಅದು ಇಳಿದ ಮೊದಲ ಐದಾರು ವರ್ಷ ಮೂಳೆ ಬಹಳ ವೇಗವಾಗಿ ಸವೆಯುತ್ತದೆ, ನೋವಿಲ್ಲದೆ. ಹಾಗಾಗಿ ಈಗಿನಿಂದಲೇ ಕ್ಯಾಲ್ಸಿಯಂ ನೋಡಿಕೊಳ್ಳಿ. ನಿಮಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು, ಮುಟ್ಟು ನಿಂತ ಮೇಲೆ 1,200. ಜೋಳ ಎಲ್ಲಕ್ಕೂ ಒಳ್ಳೆಯದಾದರೂ ಕ್ಯಾಲ್ಸಿಯಂ ವಿಷಯದಲ್ಲಿ ಬಡವ, 100 ಗ್ರಾಮಿಗೆ 30 ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ 350ರ ಹತ್ತಿರ ಇದೆ. ನಮ್ಮ ಕಡೆ ರಾಗಿ ರೂಢಿ ಕಡಿಮೆ, ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿ ಶುರು ಮಾಡಬಹುದು. ಒಂದು ದೊಡ್ಡ ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರಿನಲ್ಲಿ 200ಕ್ಕೂ ಮೇಲೆ ಸಿಗುತ್ತದೆ. ಎಳ್ಳ ಅಮಾವಾಸ್ಯೆಗೆ ಮಾತ್ರ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವುದು ಬೇಡ, ವರ್ಷವೆಲ್ಲ ಹಚ್ಚಿ. ಎಳ್ಳಿನದು ಪೂರ್ತಿ ಮೈಗೆ ಹತ್ತುವುದಿಲ್ಲ, ಆದರೂ ಲಾಭವೇ. ಇಷ್ಟು ಬಿಸಿಲಿನ ಊರಲ್ಲೂ ವಿಟಮಿನ್ ಡಿ ಕೊರತೆ ಇರುವ ಹೆಣ್ಣುಮಕ್ಕಳು ಬಹಳ ಸಿಗುತ್ತಾರೆ. ಮಂಡಿ ನೋವು ಇರುವುದರಿಂದ ಒಮ್ಮೆ ಪರೀಕ್ಷೆ ಮಾಡಿಸಿ.

‘ಮನೆಗೆಲಸ ಎಲ್ಲ ನಾನೇ ಮಾಡ್ತೀನಿ, ವ್ಯಾಯಾಮ ಯಾಕೆ?’ ಅಂತ ಬಹಳ ಜನ ಕೇಳುತ್ತಾರೆ. ಕೆಲಸ ಮೈಯನ್ನು ದಣಿಸುತ್ತದೆ, ಮೂಳೆಗೆ ಬೇಕಾದ ಭಾರ ಎಲ್ಲ ಕೆಲಸದಲ್ಲೂ ಸಿಗುವುದಿಲ್ಲ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ. ವಾರಕ್ಕೆ ಎರಡು-ಮೂರು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಎರಡು ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಎತ್ತಿ ಇಳಿಸಿ. ಮಂಡಿಯ ಸುತ್ತಲಿನ ಸ್ನಾಯು ಗಟ್ಟಿಯಾದರೆ ಮಂಡಿ ನೋವೂ ಇಳಿಯುತ್ತದೆ.

ಝಳದ ಕಷ್ಟ ನಮ್ಮ ಸೀಮೆಯಲ್ಲಿ ಡಬಲ್. ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಮೇಲೆ ಒಳಗಿನಿಂದ ಇನ್ನೊಂದು ಬಿಸಿ. ಮೆದುಳಿನಲ್ಲಿ ಮೈಯ ಶಾಖ ಕಾಯುವ ಒಂದು ಕೇಂದ್ರ ಇದೆ. ಈಸ್ಟ್ರೋಜನ್ ಏರುಪೇರಾದಾಗ ಅದು ಸೂಕ್ಷ್ಮವಾಗಿಬಿಡುತ್ತದೆ. ಚೂರು ಬಿಸಿಯಾದರೂ ಮೈ ಸುಡುತ್ತಿದೆ ಅಂದುಕೊಂಡು ಬೆವರು ಸುರಿಸುತ್ತದೆ. ಆದ್ದರಿಂದ ಆ ಚೂರು ಬಿಸಿಯನ್ನೇ ತಪ್ಪಿಸಬೇಕು. ಸುಡುಸುಡು ಚಹಾ, ಸಂಜೆಯ ಒಗ್ಗರಣಿ-ಮಿರ್ಚಿ, ಕಿಟಕಿ ಇಲ್ಲದ ಅಡುಗೆಮನೆ, ಪಾಲಿಸ್ಟರ್ ಸೀರೆ, ಇವುಗಳಲ್ಲಿ ನಿಮಗೆ ಯಾವುದು ಕೆಣಕುತ್ತದೆ ಅಂತ ಹಿಡಿಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಝಳ ಬಂದ ದಿನ ಒಂದು ಗೀಟು, ಮುಟ್ಟಾದ ದಿನ ಒಂದು ಸೊನ್ನೆ ಹಾಕುತ್ತಾ ಬನ್ನಿ. ತಿಂಗಳಲ್ಲಿ ನಿಮಗೇ ತಿಳಿಯುತ್ತದೆ. ಮಲಗುವ ಮೊದಲು ತಣ್ಣೀರ ಸ್ನಾನ, ಹತ್ತಿ ಬಟ್ಟೆ, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ. ಎರಡು ಗಂಟೆಗೆ ಎಚ್ಚರವಾದರೆ ಮೊಬೈಲ್ ಮುಟ್ಟಬೇಡಿ.

ನೀವು ಕೇಳದ ಒಂದು ವಿಷಯ ನಾನೇ ಎತ್ತುತ್ತೇನೆ, ಏಕೆಂದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈಸ್ಟ್ರೋಜನ್ ಇಳಿದಾಗ ಯೋನಿ ಒಣಗುತ್ತದೆ, ಕೂಡುವಾಗ ಉರಿಯುತ್ತದೆ, ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ. ಗಂಡನಿಗೆ ಹೇಳಲು ನಾಚಿಕೆ, ಡಾಕ್ಟರಿಗೆ ಹೇಳಲು ಇನ್ನೂ ನಾಚಿಕೆ. ಇದಕ್ಕೆ ಆ ಜಾಗಕ್ಕೆ ಮಾತ್ರ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಗುಣ ಚೆನ್ನಾಗಿದೆ. ವೈದ್ಯರನ್ನು ಕೇಳಿ ಬಳಸಬೇಕು. ಸುಮ್ನೆ ಸಹಿಸಬೇಡಿ.

ಮಾತ್ರೆ ಬೇಡ ಎನ್ನುವ ನಿಮ್ಮ ಮನಸ್ಸು ಅರ್ಥವಾಗುತ್ತದೆ. ಆದರೂ ಝಳ ತಡೆಯಲಾಗದಷ್ಟಾದರೆ ಅದನ್ನು ಎಲ್ಲಕ್ಕಿಂತ ಚೆನ್ನಾಗಿ ಇಳಿಸುವುದು ಹಾರ್ಮೋನ್ ಚಿಕಿತ್ಸೆಯೇ. 2002ರಲ್ಲಿ ಈ ಚಿಕಿತ್ಸೆಯಿಂದ ಅಪಾಯ ಇದೆ ಎಂದ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂದ ಮೇಲೆ ಎಲ್ಲರೂ ಹೆದರಿದರು. ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಆಮೇಲೆ ಅಂಕಿಗಳನ್ನು ಬಿಡಿಸಿ ನೋಡಿದಾಗ ಅರವತ್ತರ ಒಳಗಿನ, ಮುಟ್ಟು ನಿಂತು ಹತ್ತು ವರ್ಷ ಆಗದ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು ಅಂತ ಕಂಡಿತು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ಕೆಟ್ಟವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ತಗೊಳ್ಳಬಾರದು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕೊಡಲೇಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ತರುವಂಥದ್ದು ಇದಲ್ಲ.

ಈಗ ಮೊದಲು ಬಾಕಿ ಇಟ್ಟ ಎರಡು ವಿಷಯ. ಥೈರಾಯ್ಡ್ ಮಾತ್ರೆಯ ಪ್ರಮಾಣ ಮೈಗೆ ಜಾಸ್ತಿಯಾದರೂ ಬೆವರು ಬರುತ್ತದೆ, ಎದೆ ಡವಡವ ಅನ್ನುತ್ತದೆ, ನಿದ್ದೆ ಹೋಗುತ್ತದೆ, ಮೂಳೆ ಸವೆಯುತ್ತದೆ. ಕಡಿಮೆಯಾದರೆ ಮುಟ್ಟು ಜಾಸ್ತಿ ಹೋಗುತ್ತದೆ. ಅಂದರೆ ನೀವು ಈಸ್ಟ್ರೋಜನ್ ಮೇಲೆ ಹಾಕಿರುವ ತಪ್ಪಿನಲ್ಲಿ ಅರ್ಧ ಥೈರಾಯ್ಡಿನದೂ ಇರಬಹುದು. ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತ ಪರೀಕ್ಷೆ ಈ ವಾರವೇ ಮಾಡಿಸಿ. ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಚಹಾ ಅರ್ಧ-ಮುಕ್ಕಾಲು ಗಂಟೆ ಆದ ಮೇಲೆ. ಸೋಯಾ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇವಕ್ಕೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಮಾತ್ರೆ ಮೈಗೆ ಹತ್ತುವುದಿಲ್ಲ. ಅಗಸಿ ಹಿಂಡಿಯೂ ಮಧ್ಯಾಹ್ನದ ರೊಟ್ಟಿಗೇ ಇರಲಿ. ಆ ಪುಡಿ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಇಂಥ ಪುಡಿಗಳಲ್ಲಿ ಸೋಯಾ ಇರುವುದು ಮಾಮೂಲು. ಕೂದಲಿಗೆ ಒಳ್ಳೆಯದು ಅಂತ ಬಯೋಟಿನ್ ಎಂಬ ವಿಟಮಿನ್ ಹಾಕಿದ್ದರೆ ಅದು ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನೇ ತಪ್ಪಿಸುತ್ತದೆ.

ಹತ್ತು ದಿನದ ಮುಟ್ಟನ್ನು ‘ವಯಸ್ಸಿನದು, ನಿಲ್ಲುತ್ತದೆ’ ಅಂತ ಬಿಡಬೇಡಿ. ಹಿಮೋಗ್ಲೋಬಿನ್ ನೋಡಬೇಕು, ಸ್ಕ್ಯಾನಿಂಗ್ ಮಾಡಿ ಒಳಪದರ ಎಷ್ಟು ದಪ್ಪ ಇದೆ ನೋಡಬೇಕು. 45 ದಾಟಿದವರಲ್ಲಿ ಹೀಗಾದಾಗ ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ವಾಡಿಕೆ, ಗಾಬರಿ ಬೇಡ. ಮುಟ್ಟು ಪೂರ್ತಿ ನಿಂತು ಒಂದು ವರ್ಷದ ಮೇಲೆ ಒಂದು ಹನಿ ಕಂಡರೂ ಅದೇ ವಾರ ಹೋಗಬೇಕು. ಮತ್ತು ಯಾರಾದರೂ ಮೊದಲ ಭೇಟಿಯಲ್ಲೇ ‘ಚೀಲ ತೆಗೆಸಿಬಿಡಿ’ ಅಂದರೆ ಮೂರು ಪ್ರಶ್ನೆ ಕೇಳಿ: ಮಾತ್ರೆಯಿಂದ ಆಗುತ್ತದಾ? ಗರ್ಭಕೋಶದೊಳಗೆ ಹಾರ್ಮೋನ್ ಇರುವ ವಂಕಿ ಹಾಕಬಹುದಾ? ತೆಗೆಯಲೇಬೇಕಾದರೆ ಅಂಡಾಶಯ ಉಳಿಸುತ್ತೀರಾ? ಉತ್ತರ ಸಮಾಧಾನ ಕೊಡದಿದ್ದರೆ ಇನ್ನೊಬ್ಬರಿಗೆ ತೋರಿಸಿ. ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗ ಇದೆ.

ಹೋಗುವಾಗ ಗೀಟು ಹಾಕಿದ ಕ್ಯಾಲೆಂಡರ್, ಹಳೆಯ ಥೈರಾಯ್ಡ್ ಚೀಟಿಗಳು ಒಯ್ಯಿರಿ. ಆ ಪುಡಿಯ ಡಬ್ಬಿಯನ್ನೂ ಒಯ್ದು, ಅದರ ಹಿಂದೆ ಬರೆದಿರುವುದನ್ನು ಡಾಕ್ಟರ ಕೈಯಲ್ಲಿ ಓದಿಸಿ. ಸಾಧ್ಯವಾದರೆ ನೆಗೆಣ್ಣಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.